ಬೆಕ್ಕಿನ ಲಿಟರ್: ಮಣ್ಣು, ಸಿಲಿಕಾ, ಮರ, ಸೋಯಾ – ಯಾವುದು ಕೈಹಿಡಿಯುತ್ತದೆ, ಯಾವುದು ಕೈಕೊಡುತ್ತದೆ

ಬೆಕ್ಕನ್ನು ಪೂರ್ತಿ ಮನೆಯೊಳಗೇ ಸಾಕುವವರು ಅದರ ಊಟದ ಬಗ್ಗೆ ಹತ್ತು ಕಡೆ ವಿಚಾರಿಸುತ್ತಾರೆ. ಬೆಕ್ಕು ಮಲಮೂತ್ರ ಮಾಡುವ ಟ್ರೇಗೆ ತುಂಬುವ ಲಿಟರ್ ವಿಷಯ ಬಂದಾಗ ಮಾತ್ರ ಚೀಲದ ಮೇಲಿನ ಲ್ಯಾವೆಂಡರ್ ಹೂವಿನ ಚಿತ್ರ ನೋಡಿ ಕೊಂಡುಬಿಡುತ್ತಾರೆ. ಆಮೇಲೆ ಬೆಕ್ಕು ಸೋಫಾದ ಹಿಂದೆಯೋ ಹಾಸಿಗೆಯ ಮೇಲೋ ಉಚ್ಚೆ ಹೊಯ್ದಾಗ ಹಟ, ಸೇಡು ಎಂದೆಲ್ಲ ಹೆಸರಿಡುತ್ತಾರೆ. ಬೆಕ್ಕು ಟ್ರೇ ಬಿಟ್ಟು ಹೊರಗೆ ಹೋಗುವುದಕ್ಕೆ ಕಾರಣ ಹೆಚ್ಚಿನ ಸಲ ಎರಡೇ: ಮೈಗೆ ಹುಷಾರಿಲ್ಲ, ಇಲ್ಲವೇ ಟ್ರೇ ಹಿಡಿಸುತ್ತಿಲ್ಲ. ಮೊದಲನೆಯದನ್ನು ಪಶುವೈದ್ಯರು ನೋಡಬೇಕು. ಎರಡನೆಯದಕ್ಕೆ ಈ ವಿಮರ್ಶೆ.

ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಬೆಳೆದ, ಆರೋಗ್ಯವಾಗಿರುವ ಬೆಕ್ಕಿಗೆ ಸಣ್ಣ ಕಣದ, ಸುವಾಸನೆ ಬೆರೆಸದ, ಮೂತ್ರ ತಾಕಿದಲ್ಲಿ ಉಂಡೆಗಟ್ಟುವ ಬೆಂಟೊನೈಟ್ ಮಣ್ಣೇ ಈಗಲೂ ಮೊದಲ ಆಯ್ಕೆ. ಅದಕ್ಕೆ ದೋಷಗಳಿಲ್ಲ ಎಂದಲ್ಲ, ಬೇಕಾದಷ್ಟಿವೆ. ಆದರೆ ಆಯ್ಕೆ ಬೆಕ್ಕಿಗೇ ಬಿಟ್ಟರೆ ಹೆಚ್ಚಿನವು ಕಾಲಿಟ್ಟು ಕೆರೆಯುವುದು ಇದರಲ್ಲೇ. ಜೊತೆಗೆ ಬೆಕ್ಕಿನ ಆರೋಗ್ಯದ ಬಗ್ಗೆ ಇದು ಕೊಡುವಷ್ಟು ಸುಳಿವನ್ನು ಬೇರೆ ಯಾವ ಲಿಟರೂ ಕೊಡುವುದಿಲ್ಲ. ಉಳಿದ ಮೂರಕ್ಕೂ ಅವುಗಳದೇ ಜಾಗವಿದೆ, ಆದರೆ ಆ ಜಾಗ ಚಿಕ್ಕದು.

ಬೆಂಟೊನೈಟ್

ಬೂದಿ, ಮರಳು, ಮರದ ಹೊಟ್ಟು ಬಳಸುತ್ತಿದ್ದ ಕಾಲದಿಂದ ಚೀಲದ ಮಣ್ಣಿಗೆ ಬಂದದ್ದು 1947ರಲ್ಲಿ. ಅಮೆರಿಕದ ಮಿಷಿಗನ್‌ನಲ್ಲಿ ಎಡ್ ಲೋ ಎಂಬಾತ ಎಣ್ಣೆ ಹೀರಲು ಮಾರುತ್ತಿದ್ದ ಜೇಡಿಯ ಹರಳುಗಳನ್ನು ಬೆಕ್ಕಿನ ಪೆಟ್ಟಿಗೆಗೆಂದು ಮಾರಲು ಶುರುಮಾಡಿದ. ಅದು ಹೀರುತ್ತಿತ್ತು, ಆದರೆ ಉಂಡೆಗಟ್ಟುತ್ತಿರಲಿಲ್ಲ. ಹಾಗಾಗಿ ವಾರಕ್ಕೊಮ್ಮೆ ಇಡೀ ಪೆಟ್ಟಿಗೆ ಬರಿದು ಮಾಡಬೇಕಿತ್ತು. ಉಂಡೆಗಟ್ಟುವ ಮಣ್ಣು ಬಂದದ್ದು 1980ರ ದಶಕದಲ್ಲಿ. ಹಳೆಯ ಬಗೆಯದು ಇಂದಿಗೂ ಸಿಗುತ್ತದೆ, ಕಡಿಮೆ ಬೆಲೆಗೇ ಸಿಗುತ್ತದೆ. ಆದರೆ ವಾರ ವಾರ ಪೂರ್ತಿ ಎಸೆಯುವ ಲೆಕ್ಕ ಹಾಕಿದರೆ ಆ ಉಳಿತಾಯ ಕರಗಿಹೋಗುತ್ತದೆ.

ಬೆಂಟೊನೈಟ್ ಕಣದೊಳಗೆ ಬಹಳ ತೆಳುವಾದ ಹಾಳೆಗಳು ಒಂದರ ಮೇಲೊಂದು ಕೂತಿರುತ್ತವೆ. ನಡುವೆ ಸೋಡಿಯಂ ಇದ್ದರೆ ನೀರು ಸಲೀಸಾಗಿ ಒಳನುಗ್ಗಿ ಹಾಳೆಗಳನ್ನು ದೂರ ತಳ್ಳುತ್ತದೆ. ಒಳ್ಳೆಯ ಸೋಡಿಯಂ ಬೆಂಟೊನೈಟ್ ತನ್ನ ಗಾತ್ರದ 15 ಪಟ್ಟಿನವರೆಗೂ ಉಬ್ಬಬಲ್ಲದು. ಉಬ್ಬಿದ ಕಣಗಳು ಅಕ್ಕಪಕ್ಕದವಕ್ಕೆ ಅಂಟಿಕೊಂಡು ಉಂಡೆಯಾಗುತ್ತವೆ. ನಡುವೆ ಕ್ಯಾಲ್ಸಿಯಂ ಇದ್ದರೆ ಉಬ್ಬು ಕಡಿಮೆ, ಉಂಡೆ ಸಡಿಲ. ಅಗ್ಗದ ಚೀಲಗಳಲ್ಲಿ ಕ್ಯಾಲ್ಸಿಯಂ ಮಣ್ಣಿನ ಪಾಲು ಹೆಚ್ಚಿರಬಹುದು. ಚೀಲದ ಮೇಲೆ ಇದನ್ನು ಬರೆಯುವವರು ಕಡಿಮೆ, ಆದ್ದರಿಂದ ಕೊಂಡವರೇ ಪರೀಕ್ಷಿಸಿ ನೋಡಬೇಕು.

ಪರೀಕ್ಷೆ ಕಷ್ಟದ್ದೇನಲ್ಲ. ಒಂದು ಬಟ್ಟಲಲ್ಲಿ 7 ಸೆಂ.ಮೀ. ಆಳಕ್ಕೆ ಲಿಟರ್ ತುಂಬಿ. ಉಗುರುಬೆಚ್ಚಗಿನ 30 ಮಿ.ಲೀ. ನೀರಿಗೆ ಎರಡು ಚಿಟಿಕೆ ಉಪ್ಪು ಕರಗಿಸಿ, ಸಿರಿಂಜಿನಲ್ಲಿ ಒಂದೇ ಜಾಗಕ್ಕೆ ನಿಧಾನವಾಗಿ ಬಿಡಿ. ಉಪ್ಪು ಯಾಕೆಂದರೆ, ಲವಣವಿರುವ ನೀರಿನಲ್ಲಿ ಬೆಂಟೊನೈಟ್ ಕಡಿಮೆ ಉಬ್ಬುತ್ತದೆ, ಮತ್ತು ಮೂತ್ರದಲ್ಲಿ ಲವಣ ಇದ್ದೇ ಇರುತ್ತದೆ. ಬರೀ ನಲ್ಲಿ ನೀರಿನ ಪರೀಕ್ಷೆಯಲ್ಲಿ ಕಳಪೆ ಮಾಲೂ ಪಾಸಾಗಿಬಿಡುತ್ತದೆ. 15 ನಿಮಿಷ ಬಿಟ್ಟು ಉಂಡೆಯನ್ನು ಸ್ಕೂಪಿನಲ್ಲಿ (ಸೀಳುಗಳಿರುವ ಸೌಟಿನಲ್ಲಿ) ಎತ್ತಿ, ಒಂದಡಿ ಮೇಲಿನಿಂದ ಕಾಗದದ ಮೇಲೆ ಬೀಳಿಸಿ. ಅಂಚಿನಿಂದ ನಾಲ್ಕು ಕಣ ಉದುರಿದರೆ ಪರವಾಗಿಲ್ಲ. ಎರಡು ಮೂರು ಹೋಳಾದರೆ ಆ ಹೋಳುಗಳೇ ನಾಳೆ ಟ್ರೇಯಲ್ಲಿ ಪುಡಿಯಾಗಿ ಉಳಿದು ನಾರುತ್ತವೆ. ಬಟ್ಟಲಿನ ತಳವನ್ನೂ ನೋಡಿ. ತೇವ ತಳ ಮುಟ್ಟಿರಬಾರದು.

ಧೂಳಿಗೆ ಬೇರೆ ಪರೀಕ್ಷೆ: ಕಿಟಕಿಯ ಬೆಳಕಿಗೆ ಅಡ್ಡಲಾಗಿ ನಿಂತು, ಒಂದು ಲೋಟ ಲಿಟರನ್ನು ಒಂದಡಿ ಎತ್ತರದಿಂದ ಕಪ್ಪು ಬಟ್ಟೆಯ ಮೇಲೆ ಸುರಿಯಿರಿ. ಎದ್ದ ಧೂಳು ಅರ್ಧ ನಿಮಿಷ ಕಳೆದರೂ ಬೆಳಕಿನಲ್ಲಿ ತೇಲುತ್ತಿದ್ದರೆ ಆ ಚೀಲ ಬೇಡ. ಮಣ್ಣಿನ ಧೂಳಿನಲ್ಲಿ ಸ್ವಲ್ಪ ಸ್ಫಟಿಕ ರೂಪದ ಸಿಲಿಕಾ ಇರುತ್ತದೆ. ಉಬ್ಬಸವಿರುವ ಬೆಕ್ಕಿಗೂ, ಸುರಿಯುವವರಿಗೂ ಅದು ಒಳ್ಳೆಯದಲ್ಲ. “99 ಶೇಕಡಾ ಧೂಳುರಹಿತ” ಎಂಬ ಮುದ್ರೆಯನ್ನು ನಂಬುವ ಮೊದಲು ಲೆಕ್ಕ ಹಾಕಿ: 10 ಕಿಲೋ ಚೀಲದಲ್ಲಿ ಉಳಿದ ಒಂದು ಶೇಕಡಾ ಎಂದರೆ 100 ಗ್ರಾಂ ಧೂಳು!

ಇನ್ನು ಆಳ. ಬೆಂಟೊನೈಟ್ ಬಗ್ಗೆ ಬರುವ ದೂರುಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ. 60 × 40 ಸೆಂ.ಮೀ. ತಳದ ಪೆಟ್ಟಿಗೆಗೆ 7 ಸೆಂ.ಮೀ. ತುಂಬಲು ಸುಮಾರು 17 ಲೀಟರ್ ಲಿಟರ್ ಬೇಕು, ತೂಕದಲ್ಲಿ 15 ಕಿಲೋ ಆಸುಪಾಸು. ಜನ ತರುವುದು 5 ಕಿಲೋ ಚೀಲ. ಅದನ್ನು ಅದೇ ಪೆಟ್ಟಿಗೆಗೆ ಹರವಿದರೆ ಎರಡೂವರೆ ಸೆಂ.ಮೀ. ಕೂಡ ಸರಿಯಾಗಿ ಆಗುವುದಿಲ್ಲ. ಮೂತ್ರ ನೇರ ತಳಕ್ಕಿಳಿದು, ಅಲ್ಲೇ ಮಣ್ಣು ಉಬ್ಬಿ, ಪ್ಲಾಸ್ಟಿಕ್ಕಿಗೆ ಗಾರೆ ಬಡಿದಂತೆ ಕಚ್ಚಿಕೊಳ್ಳುತ್ತದೆ. ಕೆರೆದು ತೆಗೆಯುವಾಗ ಉಂಡೆ ಒಡೆಯುತ್ತದೆ, ಪ್ಲಾಸ್ಟಿಕ್ ಗೀರಾಗುತ್ತದೆ, ಗೀರಿನೊಳಗೆ ವಾಸನೆ ನೆಲೆಯೂರುತ್ತದೆ. “ಈ ಲಿಟರ್ ವಾಸನೆ ತಡೆಯುವುದಿಲ್ಲ” ಎನ್ನುವವರು ಮೊದಲು ಒಂದು ಸ್ಕೇಲ್ ಇಳಿಸಿ ನೋಡುವುದು ಮೇಲು. 5 ಸೆಂ.ಮೀ.ಗಿಂತ ಕೆಳಗೆ ಹೋಗಬಾರದು, 7 ಇದ್ದರೆ ನೆಮ್ಮದಿ. ದಿನವೂ ಎತ್ತಿದಷ್ಟನ್ನು ಹೊಸದಾಗಿ ಸುರಿಯುತ್ತ ಹೋದರೆ, ಪೂರ್ತಿ ಬದಲಿಸುವುದು ಮೂರು ನಾಲ್ಕು ವಾರಕ್ಕೊಮ್ಮೆ ಸಾಕು.

ಕಣದ ಗಾತ್ರ 1ರಿಂದ 2 ಮಿ.ಮೀ. ಇದ್ದರೆ ಪಾದಕ್ಕೆ ಮೆತ್ತಗಿರುತ್ತದೆ. ಅದಕ್ಕಿಂತ ಸಣ್ಣದಾದರೆ ಬೆರಳ ಸಂದಿನಲ್ಲಿ ಸಿಕ್ಕಿ ಮನೆ ತುಂಬ ಹರಡುತ್ತದೆ. ಪೆಟ್ಟಿಗೆಯ ಬಾಯಿಗೆ ಎರಡು ಪದರದ, ಜೇನುಗೂಡಿನ ತೂತುಗಳಿರುವ ಮ್ಯಾಟ್ ಹಾಕಿದರೆ ಅರ್ಧ ತೊಂದರೆ ತಪ್ಪುತ್ತದೆ. ಪೂರ್ತಿ ತಪ್ಪಿಸುವ ಮ್ಯಾಟ್ ಇನ್ನೂ ಬಂದಿಲ್ಲ.

ಬೆಂಟೊನೈಟ್ ಬೇಡವಾದ ಸಂದರ್ಭಗಳೂ ಇವೆ. ನಾಲ್ಕು ತಿಂಗಳೊಳಗಿನ ಮರಿಗಳು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತವೆ, ಹೊಟ್ಟೆಯೊಳಗೂ ಈ ಮಣ್ಣು ಉಬ್ಬುತ್ತದೆ. ಮರಿಗಳಿಗೆ ಉಂಡೆಗಟ್ಟದ ಲಿಟರ್ ಕೊಡಿ. ಶಸ್ತ್ರಚಿಕಿತ್ಸೆ ಆದ ಬೆಕ್ಕಿಗೆ ಹೊಲಿಗೆ ಒಣಗುವವರೆಗೆ ಕಾಗದದ ಪೆಲೆಟ್ (ಒತ್ತಿ ಮಾಡಿದ ಕಡ್ಡಿ) ಅಥವಾ ಹರಿದ ಕಾಗದವೇ ಸರಿ, ಮಣ್ಣು ಗಾಯಕ್ಕೆ ಅಂಟುತ್ತದೆ. ಬೆಂಟೊನೈಟನ್ನು ಕಮೋಡಿಗೆ ಹಾಕುವ ಮಾತೇ ಬೇಡ, ಪೈಪಿನೊಳಗೆ ಉಬ್ಬಿ ಕೂತರೆ ಒಡೆದೇ ತೆಗೆಯಬೇಕಾಗುತ್ತದೆ. ಗಣಿಯಿಂದ ಬರುವ ಮಣ್ಣು, ಕೊಳೆಯುವುದೂ ಇಲ್ಲ. ಪರಿಸರದ ಲೆಕ್ಕದಲ್ಲಿ ಇದಕ್ಕೆ ಹೆಚ್ಚು ಅಂಕ ಕೊಡಲಾಗದು.

ಸಿಲಿಕಾ ಹರಳು

ಹೊಸ ಶೂ ಡಬ್ಬಿಯಲ್ಲಿ ಬರುವ ಪುಟ್ಟ ಪೊಟ್ಟಣದೊಳಗಿನ ವಸ್ತುವೇ ಇದು. ಹರಳಿನ ತುಂಬ ಸೂಕ್ಷ್ಮ ರಂಧ್ರಗಳಿದ್ದು, ಮೂತ್ರದ ನೀರು ಒಳಹೋಗಿ ಮೆಲ್ಲಗೆ ಆವಿಯಾಗುತ್ತದೆ, ವಾಸನೆ ಒಳಗೇ ಉಳಿಯುತ್ತದೆ. ಮಲವನ್ನು ಎತ್ತಿ, ದಿನಕ್ಕೊಮ್ಮೆ ಹರಳನ್ನು ಕೆದಕಿದರೆ ಕೆಲಸ ಮುಗಿಯಿತು. ಒಂದು ಬೆಕ್ಕಿಗೆ ಸುಮಾರು 2 ಕಿಲೋ ಒಂದು ತಿಂಗಳು ಬರುತ್ತದೆ. ಮೆಟ್ಟಿಲು ಹತ್ತಿ 15 ಕಿಲೋ ಹೊರುವ ಕಷ್ಟ ತಪ್ಪುವುದೇ ದೊಡ್ಡ ಲಾಭ. ಇದರ ಸಿಲಿಕಾ ಸ್ಫಟಿಕ ರೂಪದ್ದಲ್ಲ, ಧೂಳೂ ಕಡಿಮೆ.

ಎಡವುವುದು ಇಲ್ಲಿ: ಕೆದಕದೆ ಬಿಟ್ಟರೆ ಬೆಕ್ಕು ದಿನವೂ ಹೊಯ್ಯುವ ಮೂಲೆಯ ಹರಳು ಮಾತ್ರ ತುಂಬಿಹೋಗಿ, ಹಳದಿಗೆ ತಿರುಗಿ, ತಳದಲ್ಲಿ ಮೂತ್ರ ನಿಲ್ಲುತ್ತದೆ. ಉಳಿದ ಹರಳು ಬೆಳ್ಳಗಿದ್ದರೂ ಪೆಟ್ಟಿಗೆ ನಾರತೊಡಗುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿರುವ ದಿನಗಳಲ್ಲಿ ಆವಿಯಾಗುವುದೇ ನಿಧಾನ, ತಿಂಗಳು ಬರಬೇಕಾದ್ದು ಮೂರು ವಾರಕ್ಕೂ ಬರುವುದಿಲ್ಲ. ಎರಡು ಬೆಕ್ಕಿದ್ದರೆ ತಿಂಗಳನ್ನು ಅರ್ಧಕ್ಕಿಳಿಸಿ ಲೆಕ್ಕ ಹಾಕಿ. ಹರಳು ಚೂಪಾಗಿರುವುದರಿಂದ ಕೆಲವು ಬೆಕ್ಕುಗಳು ಅಂಚಿನ ಮೇಲೆ ನಿಂತು, ಒಳಗೆ ಕಾಲಿಡದೆಯೇ ಹೊಯ್ಯುತ್ತವೆ. ಅದು ಕಂಡರೆ ಒತ್ತಾಯ ಬೇಡ. ಗುಂಡು ಮಣಿಯ ರೂಪದ್ದು ಪಾದಕ್ಕೆ ಹಿತ, ಆದರೆ ನೆಲಕ್ಕೆ ಬಿದ್ದರೆ ಮಂಚದಡಿಗೆ ಉರುಳಿಕೊಂಡು ಹೋಗುತ್ತದೆ.

ಬಣ್ಣ ಬದಲಿಸಿ ಕಾಯಿಲೆ ಸೂಚಿಸುವ ಸಿಲಿಕಾ ಕೂಡ ಬಂದಿದೆ. ಬಣ್ಣ ಬದಲಾಗುವುದು ಮೂತ್ರದ ಆಮ್ಲ-ಕ್ಷಾರ ಗುಣಕ್ಕೆ ತಕ್ಕಂತೆ. ಆ ಗುಣ ಊಟದ ಮೇಲೂ ಏರಿಳಿಯುತ್ತದೆ, ಮೂತ್ರ ಹಳತಾದಂತೆಯೂ ಬದಲಾಗುತ್ತದೆ. ಹೊಯ್ದ ಸ್ವಲ್ಪ ಹೊತ್ತಿನೊಳಗೆ ನೋಡಿದ ಬಣ್ಣಕ್ಕೆ ಮಾತ್ರ ಬೆಲೆ, ಅದೂ ಡಾಕ್ಟರ ಹತ್ತಿರ ಹೋಗಲು ಒಂದು ನೆಪವಾಗಿ.

ಮರದ ಪೆಲೆಟ್

ಸುಮಾರು 6 ಮಿ.ಮೀ. ದಪ್ಪದ, ಒತ್ತಿ ಮಾಡಿದ ಪೈನ್ ಹೊಟ್ಟಿನ ಕಡ್ಡಿಗಳು. ತೇವ ತಾಕಿದರೆ ಉಬ್ಬಿ ಹೊಟ್ಟಾಗಿ ಉದುರುತ್ತವೆ. ಸಾದಾ ಟ್ರೇಯಲ್ಲಿ ಇದನ್ನು ಹಾಕಿ “ಚೆನ್ನಾಗಿಲ್ಲ” ಎನ್ನುವವರೇ ಹೆಚ್ಚು. ಇದಕ್ಕೆ ಜರಡಿ ಟ್ರೇ ಬೇಕು: ಮೇಲಿನ ಟ್ರೇಯ ತೂತಿನಿಂದ ಒದ್ದೆ ಹೊಟ್ಟು ಕೆಳಗಿಳಿಯಬೇಕು, ಗಟ್ಟಿ ಕಡ್ಡಿ ಮೇಲೇ ಉಳಿಯಬೇಕು. ದಿನವೂ ಒಮ್ಮೆ ಅಲುಗಾಡಿಸಿ ಕೆಳಗಿನದನ್ನು ಎಸೆದರೆ ಪೈನಿನ ವಾಸನೆ ಬಿಟ್ಟರೆ ಬೇರೆ ವಾಸನೆ ಬರುವುದಿಲ್ಲ. ಮೇಲಿನ ಪದರ ಮೂರು ನಾಲ್ಕು ಸೆಂ.ಮೀ. ಸಾಕು, ಹೆಚ್ಚಾದರೆ ಹೊಟ್ಟು ಕೆಳಗಿಳಿಯದೆ ನಡುವೆಯೇ ಸಿಕ್ಕಿಕೊಳ್ಳುತ್ತದೆ. ಒಲೆಯಲ್ಲಿ ಬಿಸಿ ಮಾಡಿ ಒಣಗಿಸಿದ ಮರದ್ದೇ ಆಗಬೇಕು, ಹಸಿ ಪೈನಿನ ಎಣ್ಣೆ ಬೆಕ್ಕಿಗೆ ಹಿತವಲ್ಲ.

ಹಗುರ, ಅಗ್ಗ, ಕೊಳೆಯುತ್ತದೆ, ಮನೆ ತುಂಬ ಹರಡುವುದಿಲ್ಲ. ಇಷ್ಟೆಲ್ಲ ಇದ್ದೂ ಮೊದಲ ಸ್ಥಾನ ಯಾಕಿಲ್ಲ ಎಂದರೆ, ಬೆಕ್ಕುಗಳಿಗೆ ಕಡ್ಡಿಗಳ ಮೇಲೆ ನಡೆಯುವುದು ಹಿಡಿಸುವುದಿಲ್ಲ. ಮರಿಯಿಂದಲೇ ಅಭ್ಯಾಸವಾಗಿದ್ದರೆ ಹೊಂದಿಕೊಳ್ಳುತ್ತವೆ. ಮಣ್ಣಿಗೆ ಒಗ್ಗಿದ ಎಂಟು ವರ್ಷದ ಬೆಕ್ಕನ್ನು ಇದಕ್ಕೆ ತರುವುದು ಸಾಹಸವೇ ಸರಿ.

ಸೋಯಾ ಅಥವಾ ಟೋಫು ಲಿಟರ್

ಸೋಯಾ ಹಾಲು ತೆಗೆದ ಮೇಲೆ ಉಳಿಯುವ ಹಿಂಡಿಗೆ ಪಿಷ್ಟ ಮತ್ತು ಅಂಟು ಸೇರಿಸಿ ಮಾಡಿದ, 2 ಮಿ.ಮೀ. ಆಸುಪಾಸಿನ ಕಡ್ಡಿಗಳು. ಧೂಳು ಬಹಳ ಕಡಿಮೆ, ಉಂಡೆಯೂ ಕಟ್ಟುತ್ತದೆ, ಬಾಯಿಗೆ ಹೋದರೂ ಮಣ್ಣಿನಷ್ಟು ಭಯವಿಲ್ಲ. ಆದರೆ ಉಂಡೆ ಮೆತ್ತಗಿರುತ್ತದೆ, ಅವಸರದಲ್ಲಿ ಎತ್ತಿದರೆ ಮುದ್ದೆಯಾಗಿ ಸ್ಕೂಪಿಗೆ ಮೆತ್ತಿಕೊಳ್ಳುತ್ತದೆ. ತೇವದ ವಾತಾವರಣದಲ್ಲಿ ಬೂಷ್ಟು ಹಿಡಿಯುವುದು ಇದರ ದೊಡ್ಡ ದೋಷ. ತೆರೆದ ಚೀಲವನ್ನು ಗಾಳಿಯಾಡದ ಡಬ್ಬಿಗೆ ಹಾಕದಿದ್ದರೆ ಹುಳವೂ ಬೀಳುತ್ತದೆ. ಹುಳಿ ವಾಸನೆ ಬಂದರೆ ಯೋಚಿಸದೆ ಎಸೆಯಿರಿ. ಮನೆಯಲ್ಲಿ ನಾಯಿಯೂ ಇದ್ದರೆ ಅದು ಇದನ್ನು ತಿಂಡಿ ಎಂದೇ ತಿಳಿಯುತ್ತದೆ.

“ಕಮೋಡಿಗೆ ಹಾಕಬಹುದು” ಎಂಬುದು ಈ ಬಗೆಯ ಚೀಲಗಳ ಮೇಲಿನ ದೊಡ್ಡ ಅಕ್ಷರದ ಭರವಸೆ. ಪೈಪು ಕಟ್ಟದಿರಬಹುದು, ಒಪ್ಪೋಣ. ಆದರೆ ಬೆಕ್ಕಿನ ಮಲದಲ್ಲಿ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯ ಗಟ್ಟಿ ಕವಚದ ಮೊಟ್ಟೆಗಳಿರಬಹುದು. ಅವು ಕ್ಲೋರಿನ್ನಿಗೆ ಸಾಯುವುದಿಲ್ಲ. ಕ್ಯಾಲಿಫೋರ್ನಿಯಾ ಕರಾವಳಿಯ ಸಮುದ್ರ ನೀರುನಾಯಿಗಳಿಗೆ ಈ ಸೋಂಕು ತಗುಲಿದ್ದು ಕಂಡುಬಂದ ಮೇಲೆ, ಬೆಕ್ಕಿನ ಲಿಟರನ್ನು ಕಮೋಡಿಗೂ ಚರಂಡಿಗೂ ಹಾಕಬೇಡಿ ಎಂದು ಲಿಟರ್ ಚೀಲದ ಮೇಲೆ ಮುದ್ರಿಸಬೇಕೆಂದು ಆ ರಾಜ್ಯ 2006ರಲ್ಲಿ ಕಾನೂನು ತಂದಿತು. ಕಟ್ಟಿ ಕಸಕ್ಕೆ ಹಾಕುವುದೇ ಸರಿಯಾದ ದಾರಿ.

ಇದೇ ಮೊಟ್ಟೆಗಳ ಬಗ್ಗೆ ಗರ್ಭಿಣಿಯರಿರುವ ಮನೆಗಳಲ್ಲಿ ಅತಿಯಾದ ಗಾಬರಿಯಿದೆ, ಬೆಕ್ಕನ್ನೇ ಬಿಟ್ಟುಬರುವವರೂ ಇದ್ದಾರೆ. ಬೆಕ್ಕು ಇವನ್ನು ಹೊರಹಾಕುವುದು ಸಾಮಾನ್ಯವಾಗಿ ಮೊದಲ ಸಲ ಸೋಂಕು ತಗುಲಿದಾಗ, ಒಂದರಿಂದ ಮೂರು ವಾರ ಮಾತ್ರ. ಹೊರಬಂದ ಮೊಟ್ಟೆ ಸೋಂಕು ಹರಡುವ ಸ್ಥಿತಿಗೆ ಬರಲು 1ರಿಂದ 5 ದಿನ ಬೇಕು. ಅಂದರೆ 24 ಗಂಟೆಯೊಳಗೆ ಎತ್ತಿ ಎಸೆದರೆ ಅಪಾಯ ಬಹಳ ಕಡಿಮೆ. ಟ್ರೇ ಕೆಲಸವನ್ನು ಮನೆಯ ಬೇರೆಯವರು ಮಾಡಲಿ. ಗತಿಯಿಲ್ಲದಿದ್ದರೆ ಕೈಗವಸು ಹಾಕಿ, ಆಮೇಲೆ ಸೋಪಿನಲ್ಲಿ ಕೈ ತೊಳೆಯಿರಿ. ಬೆಕ್ಕಿಗೆ ಹಸಿ ಮಾಂಸ ಕೊಡಬೇಡಿ.

ಪೆಟ್ಟಿಗೆ ಮತ್ತು ಸ್ಕೂಪ್

ಮೂಗಿನಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟು ಪೆಟ್ಟಿಗೆಯ ಉದ್ದ. 45 ಸೆಂ.ಮೀ. ಬೆಕ್ಕಿಗೆ 67 ಸೆಂ.ಮೀ. ಬೇಕಾಯಿತು. “ದೊಡ್ಡ ಸೈಜು” ಎಂದು ಮಾರುವ ಟ್ರೇಗಳಲ್ಲಿ ಎಷ್ಟೋ ಇದಕ್ಕೆ ಸಾಲುವುದಿಲ್ಲ. ಬಟ್ಟೆ ತುಂಬಿಡುವ ಪ್ಲಾಸ್ಟಿಕ್ ಡಬ್ಬಿಯ ಒಂದು ಬದಿಯನ್ನು ನೆಲದಿಂದ 12 ಸೆಂ.ಮೀ.ಗೆ ಕತ್ತರಿಸಿ, ಅಂಚನ್ನು ಉಜ್ಜುಕಾಗದದಲ್ಲಿ ನಯ ಮಾಡಿದರೆ ಅಂಗಡಿಯ ಟ್ರೇಗಿಂತ ಮೇಲು. ಮುದಿ ಬೆಕ್ಕಿಗೆ ಕೀಲುನೋವು ಇದ್ದೇ ಇರುತ್ತದೆಂದು ಹಿಡಿದು ಆ ಬಾಗಿಲನ್ನು ತಳದ ಲಿಟರ್ ಮಟ್ಟಕ್ಕಿಂತ ಒಂದೆರಡು ಸೆಂ.ಮೀ. ಮಾತ್ರ ಮೇಲಕ್ಕೆ ಬಿಡಿ. ಮೇಲಿನಿಂದ ಇಳಿಯುವ ಪೆಟ್ಟಿಗೆಗಳು ಮಣ್ಣು ಹರಡುವುದನ್ನು ಚೆನ್ನಾಗಿ ತಡೆಯುತ್ತವೆ, ಆದರೆ ಎಳೆಯ ಬೆಕ್ಕುಗಳಿಗೆ ಮಾತ್ರ. ಮುಚ್ಚಳದ ಪೆಟ್ಟಿಗೆಗೆ ಹೆಚ್ಚಿನ ಬೆಕ್ಕುಗಳ ತಕರಾರಿಲ್ಲ. ತೊಂದರೆ ಇರುವುದು ಸಾಕಿದವರಿಗೆ ಒಳಗಿನ ಕೊಳೆ ಕಾಣದೆ ಹೋಗುವುದರಲ್ಲಿ.

ಎಷ್ಟು ಬೆಕ್ಕೋ ಅದಕ್ಕಿಂತ ಒಂದು ಹೆಚ್ಚು ಪೆಟ್ಟಿಗೆ, ಬೇರೆ ಬೇರೆ ಜಾಗದಲ್ಲಿ. ಪಕ್ಕಪಕ್ಕ ಇಟ್ಟ ಮೂರು ಪೆಟ್ಟಿಗೆ ಬೆಕ್ಕಿನ ಲೆಕ್ಕದಲ್ಲಿ ಒಂದೇ. ಜಗಳಗಂಟ ಬೆಕ್ಕೊಂದು ದಾರಿಗಡ್ಡ ಕೂತರೆ ಮೂರೂ ಬಂದ್. ಊಟದ ತಟ್ಟೆಯ ಹತ್ತಿರವೂ, ತಟ್ಟನೆ ಗುಡುಗುವ ವಾಷಿಂಗ್ ಮೆಷಿನ್ನಿನ ಪಕ್ಕವೂ ಬೇಡ.

ಸ್ಕೂಪು ಲೋಹದ್ದೇ ಇರಲಿ. ಪ್ಲಾಸ್ಟಿಕ್ಕಿನದು ಬಾಗಿ ಉಂಡೆಯನ್ನು ಒಡೆಯುತ್ತದೆ. ಮಣ್ಣಿಗೆ ಸೀಳು 5ರಿಂದ 8 ಮಿ.ಮೀ. ಸರಿ, ಸೋಯಾ ಕಡ್ಡಿ ಉದ್ದವಿರುವುದರಿಂದ 10 ಮಿ.ಮೀ. ಬೇಕು. ಬೆಕ್ಕು ಹೊರಬಂದ ಕೂಡಲೇ ಎತ್ತಲು ಹೋಗಬೇಡಿ, ಉಂಡೆ ಬಿಗಿಯಲು ಕಾಲು ಗಂಟೆ ಕೊಡಿ. ದಿನಕ್ಕೆ ಎರಡು ಸಲ ಎತ್ತುವುದು ಯಾವ ಸುವಾಸನೆಯ ಪುಡಿಗಿಂತಲೂ ಹೆಚ್ಚು ಕೆಲಸ ಮಾಡುತ್ತದೆ. ಸುವಾಸನೆ ಬೆರೆಸಿದ ಲಿಟರಿಗೆ ನಮ್ಮ ಅಂಕ ಸೊನ್ನೆ. ಮನುಷ್ಯರ ಮೂಗಿಗೆ ಹಿತವಾಗಲೆಂದು ಮಾಡಿದ್ದು ಬೆಕ್ಕಿನ ಮೂಗಿಗೆ ಘಾಟು.

ತೊಳೆಯುವಾಗ ಬಿಸಿನೀರು, ಸಾದಾ ಪಾತ್ರೆ ತೊಳೆಯುವ ಸೋಪು, ಅಷ್ಟೇ. ಫಿನಾಯಿಲ್ ಬೇಡವೇ ಬೇಡ. ಫಿನಾಲ್ ಜಾತಿಯ ರಾಸಾಯನಿಕಗಳನ್ನು ಒಡೆದು ಹೊರಹಾಕುವ ಕಿಣ್ವ ಬೆಕ್ಕಿನ ಪಿತ್ತಜನಕಾಂಗದಲ್ಲಿ ತೀರಾ ಕಡಿಮೆ. ಪಾದಕ್ಕೆ ಅಂಟಿದ್ದನ್ನು ನೆಕ್ಕಿಕೊಂಡರೆ ವಿಷವಾಗುತ್ತದೆ. ನೀರಿಗೆ ಹಾಕಿದೊಡನೆ ಬೆಳ್ಳಗೆ ಕದಡುವ ಯಾವ ಕ್ರಿಮಿನಾಶಕವನ್ನೂ ಬೆಕ್ಕಿರುವ ಮನೆಯಲ್ಲಿ ಅನುಮಾನದಿಂದಲೇ ನೋಡಿ. ಉಚ್ಚೆ ಉಳಿದಿರುವ ಟ್ರೇಗೆ ಬ್ಲೀಚ್ ಸುರಿದರೆ ಅಮೋನಿಯಾ ಜೊತೆ ಸೇರಿ ಉಸಿರು ಕಟ್ಟಿಸುವ ಅನಿಲ ಏಳುತ್ತದೆ. ಸೋಫಾ, ನೆಲಹಾಸಿಗೆ ಬಿದ್ದ ಉಚ್ಚೆಗೆ ಕಿಣ್ವವಿರುವ ಕ್ಲೀನರ್ ಸುರಿದು, ಅದು ತಾನಾಗಿ ಒಣಗುವವರೆಗೆ ಬಿಡಿ. ಎರಡು ನಿಮಿಷಕ್ಕೆ ಒರೆಸಿಬಿಟ್ಟರೆ ಕಿಣ್ವಕ್ಕೆ ಕೆಲಸ ಮಾಡಲು ಸಮಯವೇ ಸಿಗುವುದಿಲ್ಲ. ಗೀರು ಬಿದ್ದ ಪ್ಲಾಸ್ಟಿಕ್ ಟ್ರೇಯನ್ನು ವರ್ಷಕ್ಕೊಮ್ಮೆ ಬದಲಿಸಿ, ಅಥವಾ ಒಮ್ಮೆಗೇ ಸ್ಟೀಲಿನದು ಕೊಳ್ಳಿ.

ಉಂಡೆ ಹೇಳುವ ಸುದ್ದಿ

ಬೆಂಟೊನೈಟಿಗೆ ಮೊದಲ ಸ್ಥಾನ ಕೊಟ್ಟದ್ದು ಮುಖ್ಯವಾಗಿ ಇದಕ್ಕೆ. ಆರೋಗ್ಯವಂತ ಬೆಕ್ಕು ದಿನಕ್ಕೆ ಎರಡರಿಂದ ನಾಲ್ಕು ಮೂತ್ರದ ಉಂಡೆ ಬಿಡುತ್ತದೆ, ಹೆಚ್ಚುಕಡಿಮೆ ಒಂದೇ ಗಾತ್ರದವು. ಉಂಡೆಗಳು ದಿನೇದಿನೇ ದೊಡ್ಡದಾಗುತ್ತಿದ್ದರೆ, ನೀರೂ ಹೆಚ್ಚು ಕುಡಿಯುತ್ತಿದ್ದರೆ ಮೂತ್ರಪಿಂಡದ ತೊಂದರೆ, ಸಕ್ಕರೆ ಕಾಯಿಲೆ, ಥೈರಾಯ್ಡ್ – ಇವುಗಳಿಗೆ ರಕ್ತ ಪರೀಕ್ಷೆ ಮಾಡಿಸಬೇಕು. ಕಣ್ಣಳತೆ ಮೋಸ ಮಾಡುತ್ತದೆ. ವಾರಕ್ಕೊಂದು ದಿನ ಎತ್ತಿದ ಮೂತ್ರದ ಉಂಡೆಗಳನ್ನಷ್ಟೇ ಚೀಲಕ್ಕೆ ಹಾಕಿ ತೂಗಿ ಬರೆದಿಟ್ಟರೆ, ನಿಧಾನವಾಗಿ ಏರುವ ತೂಕ ಎರಡು ಮೂರು ತಿಂಗಳಲ್ಲಿ ಕಣ್ಣಿಗೆ ಬೀಳುತ್ತದೆ. ಸಣ್ಣ ಸಣ್ಣ ಉಂಡೆಗಳು ಹತ್ತಾರು ಇದ್ದರೆ ಮೂತ್ರಕೋಶದ ಉರಿಯೂತವಿರಬಹುದು. ಗಂಡುಬೆಕ್ಕು ಮತ್ತೆ ಮತ್ತೆ ಟ್ರೇಗೆ ಹೋಗಿ ಕೂತು, ತಿಣುಕಿ, ಏನೂ ಬರದೆ ಎದ್ದು ಬರುತ್ತಿದ್ದರೆ, ಟ್ರೇಯಲ್ಲಿ ಉಂಡೆಯೇ ಇಲ್ಲದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ. ಮೂತ್ರನಾಳ ಕಟ್ಟಿದ್ದರೆ ಒಂದೆರಡು ದಿನದಲ್ಲಿ ಪ್ರಾಣಕ್ಕೇ ಬರುತ್ತದೆ. ಅದನ್ನು ಮಲಬದ್ಧತೆ ಎಂದು ತಿಳಿದು ಮನೆಮದ್ದು ಮಾಡುತ್ತ ಹೊತ್ತು ಕಳೆಯುವವರು ಬಹಳ.

ತಾನೇ ಎತ್ತಿಕೊಳ್ಳುವ ವಿದ್ಯುತ್ ಪೆಟ್ಟಿಗೆಗಳನ್ನು ಈ ದೃಷ್ಟಿಯಿಂದಲೇ ಅಳೆಯಬೇಕು. ಉಂಡೆಗಳು ನೇರ ಡಬ್ಬಿಗೆ ಬೀಳುವುದರಿಂದ ನೋಡುವವರಿಲ್ಲ. ಪ್ರತಿ ಸಲದ ತೂಕ, ಭೇಟಿಯ ಲೆಕ್ಕ ತೋರಿಸುವ ಮಾದರಿಯಾದರೆ ಪರವಾಗಿಲ್ಲ, ಬರೀ ಗೋರುವ ಯಂತ್ರವಾದರೆ ಬೇಡ. ಮರಿಗಳ ತೂಕವನ್ನು ಸೆನ್ಸರ್ ಗುರುತಿಸದೇ ಹೋಗಬಹುದು, ಬೆಕ್ಕು ಕನಿಷ್ಠ ತೂಕ ಮುಟ್ಟುವವರೆಗೆ ಯಂತ್ರವನ್ನು ಆಫ್ ಮಾಡಿಯೇ ಬಳಸಿ.

ಲಿಟರ್ ಬದಲಿಸುವವರು ಹಳೆಯದಕ್ಕೆ ಹೊಸದನ್ನು ದಿನದಿನ ಬೆರೆಸುತ್ತ ಹೋಗುವ ವಿಧಾನ ಮಣ್ಣಿನಿಂದ ಮಣ್ಣಿಗಾದರೆ ನಡೆಯುತ್ತದೆ. ಮಣ್ಣಿಗೆ ಮರದ ಕಡ್ಡಿ ಬೆರೆಸಿದರೆ ಎರಡೂ ಕೆಡುತ್ತವೆ: ಉಂಡೆಯೂ ಇಲ್ಲ, ಜರಡಿಯೂ ಇಲ್ಲ. ಹಳೆಯ ಪೆಟ್ಟಿಗೆಯನ್ನು ಹಾಗೇ ಬಿಟ್ಟು, ಹೊಸ ಲಿಟರಿನ ಇನ್ನೊಂದು ಪೆಟ್ಟಿಗೆಯನ್ನು ಪಕ್ಕದಲ್ಲಿಟ್ಟು, ಎರಡರಲ್ಲೂ ದಿನಕ್ಕೆಷ್ಟು ಉಂಡೆ ಎಂದು ಎರಡು ವಾರ ಎಣಿಸಿ. ಅಷ್ಟು ದಿನ ಕಳೆದರೂ ಹೊಸದು ಖಾಲಿಯೇ ಇದ್ದರೆ, ಉಳಿದ ಚೀಲವನ್ನು ಬೇರೆ ಬೆಕ್ಕಿನವರಿಗೆ ಕೊಟ್ಟುಬಿಡಿ.